ಹಿಂದಿನ ಸೀಟಿನ ಬೆಲ್ಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇಲ್ಲಿ ಕೆನಡಾದ ಬ್ರ್ಯಾಂಪ್ಟನ್ನಿನ ನನ್ನ ಗೆಳತಿಯರಂತೂ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು.

ಕಳೆದ ಡಿಸೆಂಬರಿನಲ್ಲಿ ನಾನು, ನಮ್ಮ ಮನೆಯವರು ಈರೇಶ, ಐರ್ಲೆಂಡ್ ನೋಡಲು ಹೋಗಿದ್ದೆವು. ಬಾಡಿಗೆ ಕಾರು, ಹಳ್ಳಿದಾರಿ, ದಾರಿಗುಂಟ ಕುರಿಗಳು. "ನಮ್ಮ ಧಾರವಾಡದಂಗ ಎಡಕ್ಕ ಹೊಡೀಬೇಕು ನೋಡು!" ಎಂದು ಅವರಿಗೆ ಖುಷಿಯೋ ಖುಷಿ.

ಮಧ್ಯಾಹ್ನ ಒಂದು ಪಾಳುಮನೆಯ ಎದುರು ನಿಲ್ಲಿಸಿ, ಕಾರಿನಲ್ಲೇ ಕೂತು ರೊಟ್ಟಿಬುತ್ತಿ ಬಿಚ್ಚಿದೆ. ಎದುರಿಗಿದ್ದವರನ್ನು ಕರೆಯದೆ ಉಣ್ಣುವ ಪದ್ಧತಿ ನಮ್ಮ ಕಡೆ ಇಲ್ಲ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ, ಆದರೂ ಈರೇಶ ಗಾಜು ಇಳಿಸಿ, ಸೂರಿಲ್ಲದ ಆ ಮನೆಯತ್ತ, "ಬರ್ರೀ, ಊಟಾ ಮಾಡೂಣು!" ಎಂದು ಕೂಗಿದರು. ಇಬ್ಬರೂ ನಕ್ಕೆವು.

ಉಂಡು ಹೊರಟರೆ, ಹಿಂದೆ ಕೂತವರು ಬೆಲ್ಟು ಹಾಕಿಲ್ಲವೆಂದು ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಸೀಟು ಖಾಲಿ. ಅದರ ಪಕ್ಕದ ಗಾಜಿಗೆ ಮಾತ್ರ ಒಳಗಿನಿಂದ ಹಬೆ ಕಟ್ಟಿತ್ತು.

"ಸೆನ್ಸರ್ ಕೆಟ್ಟೈತಿ" ಎಂದು ಅವರು ಬೆಲ್ಟು ಸಿಕ್ಕಿಸಿದರು. ಸದ್ದು ನಿಂತಿತು.

ಟೊರೊಂಟೊಗೆ ಬಂದಿಳಿದು, ಏರ್‌ಪೋರ್ಟಿನಲ್ಲಿ ಬಿಟ್ಟುಹೋಗಿದ್ದ ನಮ್ಮ ಸ್ವಂತ ಕಾರು ಹತ್ತಿದೆವು. ಹೊರಡುತ್ತಲೇ ಟಿಂಗ್ ಟಿಂಗ್. ಅದೇ ಕಡೆಯ ಗಾಜಿಗೆ ಅದೇ ಹಬೆ.

"ರೀ, ಹೋಗಂತ ಹೇಳ್ರಿ."

"ಊಟಕ್ಕ ಕರದವರಿಗೆ ಹೋಗಂತ ಹೆಂಗ ಹೇಳೂದು?" ಎಂದು ನಕ್ಕು, ಅವರು ಆ ಬೆಲ್ಟನ್ನೂ ಸಿಕ್ಕಿಸಿದರು. ಆಮೇಲೆ ನಾವದನ್ನು ಮುಟ್ಟಿಲ್ಲ.

ಇವತ್ತು ಬೆಳಿಗ್ಗೆ ನಾನು ಕಾರಿನ ಮೇಲಿನ ಹಿಮ ಗುಡಿಸುತ್ತಿದ್ದೆ. ಈರೇಶ ಮನೆಯ ಬಾಗಿಲು ತೆಗೆದು, "ಬಾ, ನಾಷ್ಟಾ ಮಾಡೂಣು!" ಎಂದು ನನ್ನನ್ನು ಕರೆದರು.

ಬೀಗ ಹಾಕಿದ ಕಾರಿನೊಳಗೆ ಬೆಲ್ಟು ಕಟಕ್ಕೆಂದು ಬಿಚ್ಚಿಕೊಂಡಿತು.