ಒಂದು ತಂಬಿಗೆ ನೀರು

ಚಿಮ್ಮಡದ ಸಿದ್ದಾರೂಢ ಬೇಟೆನಾಯಿಯ ಮರಿಯೊಂದನ್ನು ಎದೆಗವಚಿಕೊಂಡು ಮುಧೋಳದ ಪಶು ಆಸ್ಪತ್ರೆಗೆ ಬಂದ. ಡಾಕ್ಟರ್ ಶೈಲಾಳಿಗೆ ಮೊದಲು ಕಂಡದ್ದು ಅವನ ಕಣ್ಣು. ಬೇಟೆನಾಯಿ ಸಾಕುವವನಿಗೆ ಇಷ್ಟು ಮೆತ್ತನೆಯ ಕಣ್ಣು ಯಾಕಪ್ಪಾ ಅಂದುಕೊಂಡಳು. ಆಮೇಲೆ ಮರಿಯನ್ನು ನೋಡಿದಳು. ದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು, ಕುಂಯ್ ಎನ್ನಲೂ ದನಿ ಇರಲಿಲ್ಲ.

“ಕೆಳಗಿಡ್ರಿ ಅದನ್ನ! ನಿಮಗ ಕಡದೈತೇನ್ರಿ?”

“ಹಾಲು ಕುಡಿಯೂ ಮರಿ ಏನ್ ಕಡೀತೈತ್ರಿ ಮೇಡಮ್ಮಾರ? ಇದರ ತಾಯಿ ನರಿ ಕಡದು ಸತ್ತು ಹೋತು. ಹಾಲಾಗ ಬೆರಳ ಅದ್ದಿ ಚೀಪಸ್ತೇನಿ. ನಮ್ಮಜ್ಜನ ಕಾಲದಿಂದ ಹಿಂಗ ಸಾಕತೇವ್ರಿ.”

ಶೈಲಾ ಅವನ ಕೈ ಹಿಡಿದು ತಿರುವಿದಳು. ಬೆರಳ ತುಂಬ ಕಬ್ಬಿನ ಗರಿ ಗೀರಿದ ಹಸಿ ಗಾಯ.

“ಕೈ ಹಿಡದ್ರಿ ಅಂದ್ರ ಬಿಡಬಾರದು ಮತ್ತ,” ಎಂದು ನಕ್ಕ. ಅವಳು ನಗಲಿಲ್ಲ. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದಳು.

“ಈಗಿಂದೀಗ ದವಾಖಾನಿಗೆ ಹೋಗಿ ಇಂಜೆಕ್ಷನ್ ತಗೋರಿ.”

“ಜ್ವರಾನೂ ಇಲ್ಲಲ್ರಿ ನನಗ?”

“ಅದ ಅಂಜಿಕಿ ನನಗ. ಹುಚ್ಚುನಾಯಿ ರೋಗದ ವೈರಸ್ ರಕ್ತದ ಹಾದಿ ಹಿಡದ್ರ ಮೈಯಾಗಿನ ಕಾವಲಿನವ್ರು ಹಿಡೀತಾರ. ಅದು ನರದೊಳಗ ಹೊಕ್ಕು ಸಪ್ಪಳಿಲ್ಲದ ಮಿದುಳಿಗೆ ನಡೀತೈತಿ. ಹಾದ್ಯಾಗ ಯಾವ ಜೀವಕೋಶನೂ ಕೊಲ್ಲೂದಿಲ್ಲ, ಕೊಂದ್ರ ಕೂಗು ಏಳತೈತಿ. ಕೂಗಾಕ ಹೋದ ಕೋಶದ ಬಾಯಿನೂ ಮುಚ್ಚತೈತಿ. ಮನಿ ನಾಯಿ ಬೊಗಳದಂಗ ಬರೂ ಕಳ್ಳ ಅದು.”

“ಹಂಗಾರ... ಈಗ ನನ್ನೊಳಗ ಐತೇನ್ರಿ?”

“ಈಗ ಯಾವ ಟೆಸ್ಟಿನಾಗೂ ಕಾಣೂದಿಲ್ಲ. ಅದು ಮಿದುಳು ಮುಟ್ಟೂದ್ರಾಗ ಕಾವಲಿನವ್ರನ್ನ ಎಬ್ಬಸಬೇಕು. ಹೋಗ್ರಿ!”

ಮರುದಿನ ಮರಿ ಸತ್ತಿತು. ಹುಚ್ಚುನಾಯಿ ರೋಗವೇ ಎಂದು ಪರೀಕ್ಷೆ ಹೇಳಿತು.

ಅವನು ಒಂದೂ ಇಂಜೆಕ್ಷನ್ ತಪ್ಪಿಸಲಿಲ್ಲ. ಪ್ರತಿ ಸಲ ಇವಳ ಬಳಿ ಬಂದು ತೋಳು ತೋರಿಸುತ್ತಿದ್ದ. ಇವಳು ತಂಬಿಗೆ ಮುಂದೆ ಚಾಚುತ್ತಿದ್ದಳು. ರೋಗ ಬಂದವನಿಗೆ ನೀರು ಕಂಡರೆ ಗಂಟಲು ಬಿಗಿಯುತ್ತದೆ. ಅವನು ಕಣ್ಣಲ್ಲೇ ಕೀಟಲೆ ಮಾಡುತ್ತ ಗಟಗಟ ಕುಡಿದರೆ ಇವಳ ಜೀವ ಮರಳಿ ಬರುತ್ತಿತ್ತು. ಆದರೂ ಆ ಕೀಟಲೆಯ ಹಿಂದೆ ಇನ್ಯಾರೋ ಮೆಲ್ಲಗೆ ನಡೆದು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಇವನಿಲ್ಲದೆ ತನಗೆ ಬದುಕಿಲ್ಲ ಎಂಬುದು ಅವಳೊಳಗೆ ಯಾವಾಗ ಹೊಕ್ಕಿತೋ, ಅದೂ ತಿಳಿಯಲಿಲ್ಲ.

“ಇಂಜೆಕ್ಷನ್ ಮುಗದಾವ್ರಿ. ಇನ್ನ ಬಂದ್ರ ಬ್ಯಾರೆ ಕೆಲಸಕ್ಕ ಬರ್ತೇನಿ,” ಎಂದು ಹೋದವನು ಎರಡು ತಿಂಗಳು ಸುಳಿಯಲಿಲ್ಲ. ಫೋನೂ ಇಲ್ಲ. ಆ ರೋಗ ತಿಂಗಳುಗಟ್ಟಲೆ ಅಡಗಿದ್ದು ಏಳಬಲ್ಲದು ಎಂದು ಅವಳಿಗೆ ಗೊತ್ತಿತ್ತು. ಬೊಗಳುವ ನಾಯಿಗೆಲ್ಲ ಅವಳು ಬೆಚ್ಚುತ್ತಿದ್ದಳು.

ಒಂದು ರವಿವಾರ ಜಮಖಂಡಿಯ ಅವಳ ಮನೆಗೆ ಹೆಣ್ಣು ನೋಡಲು ಬಂದವರಲ್ಲಿ ಅವನಿದ್ದ, ತನ್ನ ಅವ್ವ ಇಂದ್ರವ್ವನ ಪಕ್ಕದಲ್ಲಿ. ಬಂದವರಿಗೆ ಮೊದಲು ನೀರು ಕೊಡುವುದು ಪದ್ಧತಿ. ಶೈಲಾ ತಂಬಿಗೆ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. ನೀರನ್ನೇ ನೋಡಿದ. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಪಡಸಾಲೆಯ ಮಾತೆಲ್ಲ ಅವಳ ಕಿವಿಯಿಂದ ದೂರವಾಯಿತು.

“ಯಾಕ ಕುಡೀವಲ್ರಿ? ಸಿದ್ದಾರೂಢ, ಯಾಕ?” ಹಿರಿಯರ ಮುಂದೆಯೇ ಚೀರಿದಳು.

“ಅಂಜಿಕ್ರಿ,” ಅವನ ದನಿ ಇಳಿಯಿತು. “ನೀರಿಂದಲ್ಲ. ಕುಡದು ಆರಾಮ ಅದೇನಿ ಅಂತ ತೋರಿಸಿದ್ರ, ಇನ್ನ ಹೋಗ್ರಿ ಅಂತೀರಿ ಅಂತ.”

ಅವಳ ಕಣ್ಣು ತುಂಬಿ ಬಂತು. “ಹೋಗ್ರಿ ಅನ್ನೂದಿಲ್ಲ. ದಿನಾ ಮುಂಜಾನಿ ನನ್ನ ಕೈಲೆ ಕುಡೀಬೇಕು. ಈಗ ಕುಡೀರಿ.”

ಅವನು ತಂಬಿಗೆ ಎತ್ತಿದ. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಇಂದ್ರವ್ವ ನಗುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಶೈಲಾ ಮಾತ್ರ ಕೊನೆಯ ಗುಟುಕು ಇಳಿಯುವವರೆಗೆ ಅವನ ಗಂಟಲಿನಿಂದ ಕಣ್ಣು ಕೀಳಲಿಲ್ಲ.