ಸೊಂಟದಗಲ, ಎರಡು ಮುಷ್ಟಿ

"ನನ್ನ ಗಂಡ ಮುಳುಗಿ ಸಾಯ್ಲಿಲ್ಲ. ಅವರನ್ನ ಮುಳುಗಿಸಿದಾರೆ."

ಡ್ರಾಯಿಂಗ್ ಮೇಷ್ಟರ ಹೆಂಡತಿ ಅಳತೆಯಮ್ಮನ ಎದುರು ಕೂತು ಹೇಳಿದಳು. ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ ಕಂಪೌಂಡರ್‌ಗೆ ಒಳಗೆ ಬರಬೇಕೋ ಹಿಂದೆ ಹೋಗಬೇಕೋ ತಿಳಿಯಲಿಲ್ಲ. ಮೇಷ್ಟರು ತೀರಿಕೊಂಡು ಐದು ದಿನವಾಗಿತ್ತು. ತಾವೇ ಕಟ್ಟಿದ ದೋಣಿ ಕೆರೆಯಲ್ಲಿ ಮಗುಚಿ ಆದ ಅಪಘಾತ ಎಂದು ಪೊಲೀಸರು ಬರೆದುಕೊಂಡು ಹೋಗಿದ್ದರು.

ಅಳತೆಯಮ್ಮ ಹೊಲಿಗೆ ಮಿಷನ್ನಿನ ಮೇಲೆ ಕೈಯೂರಿ ಕೂತಿದ್ದರು. ಮೂವತ್ತೆರಡು ವರ್ಷ ಬೀದಿಗೆಲ್ಲ ಬಟ್ಟೆ ಹೊಲಿದ ಕೈ ಅದು. ಈಗ ಕಣ್ಣು ಮಂಜಾಗಿದ್ದರೂ ಬೀದಿಯ ಗಂಟುಗಳನ್ನು ಬಿಡಿಸುವುದನ್ನು ಅವರು ಬಿಟ್ಟಿರಲಿಲ್ಲ. ಕೆಳಮನೆಯ ಬಾಡಿಗೆದಾರ ಕಂಪೌಂಡರ್, ಗೊಣಗುತ್ತಲೇ, ಅವರಿಗೆ ಕಣ್ಣೂ ಆಗಿದ್ದ, ಟಾರ್ಚೂ ಆಗಿದ್ದ.

"ಯಾರು ಮುಳುಗಿಸಿದ್ದು?"

"ನನ್ನ ಮೈದುನ. ಎಂಟು ವರ್ಷದಿಂದ ಒಂದೇ ಸೂರಿನ ಕೆಳಗಿದ್ದು ಅಣ್ಣ ತಮ್ಮ ಮಾತು ಬಿಟ್ಟಿದ್ರು. ಒಂದು ಗರಗಸದ ವಿಷಯಕ್ಕೆ! ಇವರ ಪುಸ್ತಕದಲ್ಲಿ ಬರೆದಿದೆ, ದೋಣಿ ಅಗಲ ಅಂದ್ರೆ ಸೊಂಟದಗಲ, ಮೇಲೆ ಎರಡು ಮುಷ್ಟಿ ಅಂತ. ನಿನ್ನೆ ನಾನೇ ಟೇಪು ಹಿಡಿದೆ. ಇವರ ಮೈಗೆ ಆರು ಬೆರಳು ಕಮ್ಮಿ. ಯಾರೋ ಬಿಚ್ಚಿ ಕಿರಿದು ಮಾಡಿದಾರೆ. ಇವರು ಹೋಗೋ ಹಿಂದಿನ ಸಂಜೆ ಅವನು ದೋಣಿ ಶೆಡ್ಡಿಂದ ಹೊರಗೆ ಬಂದದ್ದನ್ನ ಕಣ್ಣಾರೆ ಕಂಡೆ. ಪ್ಯಾಂಟಿನ ಹಿಂದೆಲ್ಲ ಮರದ ಪುಡಿ. ಇವತ್ತು ಸಂಜೆಯೊಳಗೆ ಮನೆ ಬಿಡು ಅಂದಿದೀನಿ. ತುಟಿಪಿಟಕ್ ಅನ್ಲಿಲ್ಲ."

ಇನ್ನು ತನಿಖೆ ಮಾಡುವುದಕ್ಕೆ ಏನಿದೆ ಎಂದುಕೊಂಡ ಕಂಪೌಂಡರ್. ಅಳತೆಯಮ್ಮ ಮಾತ್ರ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಕಣಮ್ಮ," ಎಂದು ಕೋಲು ತೆಗೆದುಕೊಂಡರು.

ಮೇಷ್ಟರ ಮನೆಯ ಬಾಗಿಲ ಬಳಿ ಮೈದುನ ಕಟ್ಟಿಟ್ಟ ಚೀಲವೊಂದಿತ್ತು. ಹಿಂದಿನ ಶೆಡ್ಡಿನಲ್ಲಿ ಎರಡು ಸ್ಟ್ಯಾಂಡುಗಳ ಮೇಲೆ ಕಯಾಕ್ ಮಲಗಿತ್ತು. ಉದ್ದನೆಯ, ಸಣಕಲು ದೋಣಿ. ಒಂದು ಮೊಳೆಯೂ ಇಲ್ಲ. ಹಬೆಯಲ್ಲಿ ಬಗ್ಗಿಸಿದ ಪಕ್ಕೆಲುಬುಗಳನ್ನು ಹುರಿಯಿಂದ ಬಿಗಿದು, ಮೇಲೆ ತೊಗಲಿನ ಬದಲು ಕ್ಯಾನ್ವಾಸ್ ಹೊಲಿದು ಬಣ್ಣ ಬಳಿದಿದ್ದರು. ಪಕ್ಕದಲ್ಲಿ ಒಂದು ಹುಟ್ಟು, ಅರ್ಧ ಕೆತ್ತಿದ ಇನ್ನೊಂದು, ಸುತ್ತ ಮರದ ಪುಡಿ.

ಅಳತೆಯಮ್ಮ ದೋಣಿಯ ಬೆನ್ನ ಮೇಲಿನ ಹೊಲಿಗೆಯನ್ನು ಈ ತುದಿಯಿಂದ ಆ ತುದಿಗೆ ಬೆರಳಲ್ಲೇ ತಡವಿದರು. ಕೂರುವ ಕಿಂಡಿಯೊಳಗೆ ಟಾರ್ಚು ಹಾಕಿಸಿ, ಪಾದ ಊರುವ ಅಡ್ಡಪಟ್ಟಿ ಎಲ್ಲಿದೆ ಎಂದು ಕಂಪೌಂಡರ್‌ನಿಂದ ಅಳೆಸಿದರು. ಆಮೇಲೆ ಅಡುಗೆಮನೆಯಲ್ಲಿದ್ದ ಮೇಷ್ಟರ ತಾಯಿಯನ್ನು ಕೇಳಿದರು: "ಮನೇಲಿ ಏನಾದರೂ ಕಳೆದುಹೋಗಿತ್ತೇ?"

"ಏನಿಲ್ಲವ್ವ. ದೊಡ್ಡವನು ಮರ ತಂದ ವಾರ ಚಿಕ್ಕವನ ಪ್ಯಾಂಟೊಂದು ತಂತಿ ಮೇಲಿಂದ ಕಾಣೆಯಾಗಿತ್ತು. ಎರಡು ದಿನಕ್ಕೆ ಯಾರೋ ಮಡಚಿ ವಾಪಸ್ ಇಟ್ಟಿದ್ರು."

ಅಳತೆಯಮ್ಮ ಆ ಪ್ಯಾಂಟು ತರಿಸಿದರು. ಸೊಂಟದ ಒಳಮಗ್ಗುಲಲ್ಲಿ ಪೆನ್ಸಿಲ್ಲಿನ ಎರಡು ಸಣ್ಣ ಗೀಟುಗಳಿವೆ ಎಂದ ಕಂಪೌಂಡರ್. "ಎಲ್ಲರನ್ನೂ ಶೆಡ್ಡಿಗೆ ಕರಿ," ಎಂದರು ಅವರು.

ತಾಯಿ, ಸೊಸೆ ಗೋಡೆಗೊರಗಿ ನಿಂತರು. ಮೇಷ್ಟರ ತಮ್ಮ, ಕ್ರೇನ್ ಆಪರೇಟರ್, ಬಿದಿರಿನ ಹಾಗೆ ಎತ್ತರದ ಆಳು, ಬಾಗಿಲಲ್ಲೇ ತಲೆ ತಗ್ಗಿಸಿದ.

"ದೋಣಿ ಕಿರಿದು ಮಾಡಬೇಕಾದ್ರೆ ಬಟ್ಟೆ ಬಿಚ್ಚಬೇಕು," ಎಂದರು ಅಳತೆಯಮ್ಮ. "ಬಿಚ್ಚಿ ಹೊಲಿದ ಬಟ್ಟೇಲಿ ಹಳೇ ಸೂಜಿ ತೂತು ಬಾಯಿ ಬಿಟ್ಟುಕೊಂಡಿರುತ್ತೆ. ಇಲ್ಲಿ ಒಂದೇ ಸಾಲು ತೂತು, ಅದರ ಮೇಲೆ ಬಣ್ಣ. ಯಾರೂ ಬಿಚ್ಚಿಲ್ಲ. ಮೊದಲಿಂದಲೂ ಇಷ್ಟೇ ಅಗಲ."

"ಹಾಗಾದ್ರೆ ಅವರೇ ತಪ್ಪು ಅಳೆದ್ರಾ?" ಎಂದಳು ಸೊಸೆ.

"ಮೇಷ್ಟರು ಕುಳ್ಳು, ದಪ್ಪ. ದೋಣಿ ಸೊಂಟಕ್ಕೆ ಕಿರಿದು, ಕಾಲಿಗೆ ಉದ್ದ. ಒಂದು ಅಳತೆ ತಪ್ಪಿದ್ರೆ ಅದು ತಪ್ಪು. ಎಲ್ಲ ತಪ್ಪೂ ಒಂದೇ ಮೈ ಕಡೆ ಹೋದ್ರೆ ಅದು ಇನ್ಯಾರದೋ ಅಳತೆ. ಮರದ ಪುಡಿ ಇವನ ಕೈಗಲ್ಲ, ಹಿಂದಕ್ಕೆ ಮೆತ್ತಿತ್ತು ಅಂದೆಯಲ್ಲ? ಕೆಲಸ ಮಾಡಿದವನಿಗೆ ಅಲ್ಲಿ ಮೆತ್ತಲ್ಲ, ಕೂತವನಿಗೆ ಮೆತ್ತುತ್ತೆ. ಕೂತ್ಕೊಳಪ್ಪ, ಇನ್ನೊಂದು ಸಲ."

ದೋಣಿಯನ್ನು ನೆಲಕ್ಕಿಳಿಸಿದರು. ಅವನು ಕಾಲು ಚಾಚಿ ಕಿಂಡಿಯೊಳಗೆ ಇಳಿದ. ಪಾದ ನೇರವಾಗಿ ಅಡ್ಡಪಟ್ಟಿಗೆ ತಾಗಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ದೋಣಿ ಅವನಿಗೆ ಕೂತಿತು.

"ಎರಡೂ ಕಡೆ ಮುಷ್ಟಿ ಇಡು."

ಇಟ್ಟ. ಆಚೆ ಈಚೆ ಅರ್ಧರ್ಧ ಬೆರಳು ಜಾಗ ಉಳಿಯಿತು.

"ಅಷ್ಟು ಮಾತ್ರ ಅಣ್ಣನದು," ಎಂದರು ಅಳತೆಯಮ್ಮ ಮೆಲ್ಲಗೆ. "ಸೊಂಟ, ಕಾಲು ಪ್ಯಾಂಟಿಂದ ಸಿಕ್ತು. ಮುಷ್ಟಿ ಅಳೆಯೋಕೆ ನಿನ್ನ ಕೈ ಹಿಡೀಬೇಕಿತ್ತು. ಅದಕ್ಕೆ ತನ್ನ ಮುಷ್ಟಿಯನ್ನೇ ಇಟ್ಟುಕೊಂಡ. ಸೋರುತ್ತಾ ಅಂತ ನೋಡದೆ ತಮ್ಮನ ಕೈಗೆ ಕೊಡೋನಲ್ಲ. ಆ ಕಿಂಡೀಲಿ ಮೈ ತುರುಕಿ ಕೂತ. ಮಗುಚಿದಾಗ ಹೊರಗೆ ಬರೋಕೆ ಆಗಲಿಲ್ಲ. ಕೊಂದವರು ಯಾರೂ ಇಲ್ಲಮ್ಮ."

ತಾಯಿ ಸೆರಗು ಬಾಯಿಗೊತ್ತಿಕೊಂಡಳು. ದೋಣಿಯೊಳಗೇ ಕೂತಿದ್ದ ತಮ್ಮ, ತನ್ನ ಮುಷ್ಟಿಗಳನ್ನು ನೋಡುತ್ತ ಮೊದಲ ಸಲ ಬಾಯಿ ತೆರೆದ.

"ಅವತ್ತು ಕೂತಾಗಲೇ ಗೊತ್ತಾಯ್ತು, ನಂಗೆ ಸರಿಹೋಗೋದು ಅವನಿಗೆ ಸರಿಹೋಗಲ್ಲ ಅಂತ. ಅಳತೆ ತಪ್ಪಿದಾನೆ ಅಂದ್ಕೊಂಡೆ. ಹೇಳೋಕೆ ಅವನ ಬಾಗಿಲ ತನಕ ಹೋದೆ. ಮೊದಲು ಅವನೇ ಮಾತಾಡ್ಲಿ ಅನ್ನಿಸ್ತು. ವಾಪಸ್ ಬಂದೆ."

ಕಂಪೌಂಡರ್ ಟಾರ್ಚು ಆರಿಸಿದ. ಅವನೂ ತನ್ನ ಅಕ್ಕನ ಜೊತೆ ಮಾತಾಡಿ ನಾಲ್ಕು ವರ್ಷವಾಗಿತ್ತು.

ಅತ್ತಿಗೆ ಕಣ್ಣೊರೆಸಿಕೊಂಡು ದೋಣಿಯ ಮೂತಿಗೆ ಕೈ ಹಾಕಿದಳು.

"ಒಳಗೆ ಇನ್ನೂ ತೇವ ಇದೆ. ಹೀಗೇ ಬಿಟ್ರೆ ಬಟ್ಟೆ ಕೊಳೆಯುತ್ತೆ. ಇಳಿ, ಆ ತುದಿ ಹಿಡ್ಕೋ."

ಇಬ್ಬರೂ ದೋಣಿಯನ್ನೆತ್ತಿ ಹಿತ್ತಲಿನ ಬಿಸಿಲಿಗೆ ಹೊತ್ತೊಯ್ದರು. ಬಾಗಿಲ ಬಳಿ ಕಟ್ಟಿಟ್ಟಿದ್ದ ಚೀಲವನ್ನು ಕಂಪೌಂಡರ್, ಯಾರೂ ಹೇಳದಿದ್ದರೂ, ಎತ್ತಿ ಒಳಗಿಟ್ಟ.