ಮೂರನೆಯ ಖಾನೆ

"ನಾಲ್ಕು ಸಾಲು ಕೋಡ್ ಸೇರಿಸೋಕೆ ನಾಲ್ಕು ದಿನ ಯಾಕೆ ಬೇಕು, ಹೇಳಿ?"

ಮೇಜಿನ ಮುಂದೆ ನಿಂತಿದ್ದವನು ಹೊಸ ಆವೃತ್ತಿಯ ತಂಡದ ಎಂಜಿನಿಯರ್. ಅವಳು ತಲೆ ಎತ್ತಿದಳು. ಎದೆ ಡವಗುಟ್ಟಿತು... ಸಿಟ್ಟಿಗೋ, ಆ ಕಣ್ಣುಗಳಿಗೋ ತಿಳಿಯಲಿಲ್ಲ.

ಅವಳ ಪಾಲಿಗಿದ್ದದ್ದು ಹಳೆಯ ಆವೃತ್ತಿ. ಆಸ್ಪತ್ರೆಗಳಲ್ಲಿ ರಕ್ತವಿಡುವ ಫ್ರಿಜ್ ಬಿಸಿಯಾದರೆ ಕೂಗಿ ಎಚ್ಚರಿಸುವ ಸಾಫ್ಟ್‌ವೇರ್ ಅದು. ಹೊಸದರಲ್ಲಿ ಮಾಡಿದ ಯಾವ ತಿದ್ದುಪಡಿಯೂ ಅವಳ ಫಾರಂ ದಾಟದೆ ಹಳೆಯದಕ್ಕೆ ಬರುವಂತಿರಲಿಲ್ಲ. ಅದರಲ್ಲಿ ಮೂರು ಖಾನೆ. ಸೇರಿಸಿದರೆ ಏನು ಕೆಡಬಹುದು? ಸೇರಿಸದಿದ್ದರೆ ಏನು ಕೆಡುತ್ತದೆ? ಕೆಟ್ಟರೆ ಹಿಂದಿರುಗುವ ದಾರಿ?

ಆಫೀಸಿನವರು ಅವಳಿಗಿಟ್ಟ ಹೆಸರು 'ಬೇಡಮ್ಮ'. ಹಾಲು ಕಾಯುವ ಮೊದಲೇ ಒಲೆ ಆರಿಸುವವಳು ಎಂದು ಅಮ್ಮನೂ ನಗುತ್ತಿದ್ದರು.

ಅವನು ಮೊದಲ ಖಾನೆಯಲ್ಲಿ 'ಏನೂ ಇಲ್ಲ' ಎಂದು ಬರೆದಿದ್ದ. ಅವಳು ಫಾರಂ ವಾಪಸು ಕೊಟ್ಟಳು. ಅವನು ಅದನ್ನು ಮಡಚಿ ಜೇಬಿಗಿಟ್ಟು ಹೊರಟುಹೋದ. ವಾರವಾದರೂ ಅತ್ತ ಸುಳಿಯಲಿಲ್ಲ.

'ಮುನಿಸಿಕೊಂಡುಬಿಟ್ಟ...'

ಅದಕ್ಕಿಂತ ಎರಡನೆಯ ಖಾನೆ ಅವಳನ್ನು ಹೆಚ್ಚು ಕಾಡಿತು. ಅವನ ನಾಲ್ಕು ಸಾಲು ಸೇರದಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಹಳೆಯ ಅಲಾರಂ ಮೂಕವಾಗುತ್ತಿತ್ತು. ತಿದ್ದಿದರೂ ಭಯ, ತಿದ್ದದಿದ್ದರೂ ಭಯ. ಅತ್ತ ದರಿ, ಇತ್ತ ಪುಲಿ.

ಎಂಟನೆಯ ದಿನ ಅವನು ಬಂದ. ಕಂಕುಳಲ್ಲಿ ಧೂಳು ಹಿಡಿದ ಹಳೆಯ ಅಲಾರಂ ಯಂತ್ರವೊಂದಿತ್ತು. ಉಗ್ರಾಣದಲ್ಲಿ ಹುಡುಕಿ, ಅದರ ಮೇಲೆ ತನ್ನ ನಾಲ್ಕು ಸಾಲುಗಳನ್ನು ವಾರವಿಡೀ ಓಡಿಸಿ ನೋಡಿದ್ದನಂತೆ. ಹೊಸದು ಕಾಲವನ್ನು ಸೆಕೆಂಡುಗಳಲ್ಲಿ ಎಣಿಸಿದರೆ ಹಳೆಯದು ನಿಮಿಷಗಳಲ್ಲಿ ಎಣಿಸುತ್ತದೆ. ನಿಮಿಷಕ್ಕೆ ಕೂಗಬೇಕಾದ ಅಲಾರಂ ಒಂದು ಗಂಟೆ ಕಾಯುತ್ತಿತ್ತು!

"ನೀವು ತಡೀದೇ ಇದ್ದಿದ್ರೆ ಅಷ್ಟೂ ರಕ್ತ ಕೆಟ್ಟುಹೋಗ್ತಿತ್ತು," ಎಂದ, ತಲೆ ತಗ್ಗಿಸಿ.

ಹಳೆಯದಕ್ಕೆಂದೇ ಮತ್ತೆ ಬರೆದು ತಂದಿದ್ದ. ಮೂರೂ ಖಾನೆ ತುಂಬಿದ್ದವು. ಇಬ್ಬರೂ ಪ್ಲಗ್ ಕಿತ್ತು, ಮತ್ತೆ ಹಾಕಿ, ಉಸಿರು ಬಿಗಿಹಿಡಿದು ಕಾದರು. ಸರಿಯಾಗಿ ಒಂದು ನಿಮಿಷಕ್ಕೆ, ಕೋಣೆಯ ಬಿಸಿಗೆ ಯಂತ್ರ ಕಿರುಚಿತು. ಇಡೀ ಮಹಡಿ ಕಿವಿ ಮುಚ್ಚಿಕೊಂಡಿತು, ಅವರಿಬ್ಬರು ಮಾತ್ರ ನಗುತ್ತಿದ್ದರು.

ಅವಳು ಸಹಿ ಹಾಕಿದಳು. ಆಮೇಲೆ ಡ್ರಾಯರ್‌ನಿಂದ ಇನ್ನೊಂದು ಫಾರಂ ತೆಗೆದು ಅವನತ್ತ ಸರಿಸಿದಳು.

ತಿದ್ದುಪಡಿ: ಸಂಜೆ ಇಬ್ಬರೂ ಒಟ್ಟಿಗೆ ನಡೆದು ಹೋಗುವುದು.

ಮೊದಲ ಖಾನೆಯ ಬರಹ ಅಂಚಿನವರೆಗೂ ಹರಿದಿತ್ತು. ಎರಡನೆಯದರಲ್ಲಿ ಒಂದೇ ಸಾಲು: 'ಇನ್ನೂ ಒಂದು ವಾರ ಬಾಗಿಲನ್ನೇ ನೋಡುತ್ತ ಕೂರಬೇಕಾದೀತು.'

ಅವನು ಓದಿದ. ಮತ್ತೊಮ್ಮೆ ಓದಿದ.

"ಹಿಂದಿರುಗೋ ದಾರಿ ಖಾಲಿ ಬಿಟ್ಟಿದ್ದೀರಲ್ಲ?"

"ಈ ಸಲ ಅದು ಬೇಕಾಗಲ್ಲ ಅನ್ನಿಸ್ತು..."

"ಸಹಿ ಹಾಕ್ತೀನಿ, ಪೆನ್ನು ಕೊಡಿ."

ಪೆನ್ನು ತೆಗೆದುಕೊಂಡ. ಅವಳ ಕೈಯನ್ನು ಮಾತ್ರ ಬಿಡಲಿಲ್ಲ.